ತೆರೆ ಒಡೆಯದ ಜಾಗ

ಬೀದರಿನ ಚಿದ್ರಿಯ ನಮ್ಮ ಓಣಿಗೆ ಈಚೆಗೆ ಒಬ್ಬ ಹೆಂಗಸು ಒಣಮೀನು ಮಾರಲು ಬರುತ್ತಾಳೆ. ಬುಟ್ಟಿಯ ಮೇಲಿನ ಗೋಣಿತಟ್ಟು ಸರಿಸಿದ ಕೂಡಲೇ ಉಪ್ಪಿನ, ಕಾದ ಮರಳಿನ, ಹಳೆಯ ಬಲೆಯ ವಾಸನೆ ಓಣಿಯ ತುಂಬ ಹರಡುತ್ತದೆ. ಬೀದರಿನಿಂದ ಸಮುದ್ರಕ್ಕೆ ಒಂದು ಇಡೀ ರಾತ್ರಿಯ ದಾರಿ. ನಮ್ಮ ಗಾಳಿಗೆ ಕೆಂಪು ಮಣ್ಣಿನ, ತೊಗರಿ ಹೊಟ್ಟಿನ, ಊರ ಪಕ್ಕದ ಕೊಳಾರದ ಕಾರ್ಖಾನೆಗಳ ವಾಸನೆ ಗೊತ್ತು; ಉಪ್ಪಿನದು ಗೊತ್ತಿಲ್ಲ. ಹಾಗಾಗಿ ಅದು ಬಂದಾಗ ಬೇರೆ ಯಾವುದರ ಜೊತೆಗೂ ಬೆರೆಯುವುದಿಲ್ಲ. ಅವ್ವ ಸುಮ್ಮನೆ ಎದ್ದು ಬಾಗಿಲು ಮುಂದಕ್ಕೆ ಮಾಡುತ್ತಾಳೆ. ನಾನು ಬಾಗಿಲ ಒಳಗೆ ನಿಂತು, ಆಕೆ ಓಣಿ ದಾಟುವವರೆಗೂ, ನನ್ನ ತಮ್ಮ ಜೀವನ ತೀರಿಹೋದ ವರ್ಷದ ಆ ಮಳೆಗಾಲದಲ್ಲಿ ಇರುತ್ತೇನೆ.

ನಾನು ಆಸ್ಪತ್ರೆಯಲ್ಲಿ ನರ್ಸ್. ಕಂಡದ್ದನ್ನು ಕಂಡ ಹಾಗೆ, ಮೊದಲಿನದು ಮೊದಲು, ಆಮೇಲಿನದು ಆಮೇಲೆ ಹೇಳುವುದು ಕೆಲಸದಿಂದ ಬಂದ ರೂಢಿ. ಇದನ್ನೂ ಹಾಗೆಯೇ ಹೇಳಲು ಪ್ರಯತ್ನಿಸುತ್ತೇನೆ.

ಅಪ್ಪ ಭಾಲ್ಕಿಯಲ್ಲಿ ಹೈಸ್ಕೂಲಿನ ವಿಜ್ಞಾನ ಮಾಸ್ತರರಾಗಿದ್ದರು. ಅಲ್ಲಿ ನಮ್ಮ ಬಾಡಿಗೆ ಮನೆಯ ಎದುರಿಗೇ ಬಸವಂತಪ್ಪ ಕಾಕಾ ಅವರ ಮನೆ. ರಕ್ತಸಂಬಂಧದ ಕಾಕಾ ಅಲ್ಲ. ನಾವು ಚರ್ಚಿಗೆ ಹೋಗುವವರು; ಅವರು ಬೆಳಗಿನ ಲಿಂಗಪೂಜೆಯಾಗದೆ ಬಾಯಿಗೆ ನೀರು ಹಾಕದವರು. ಆದರೆ ಕ್ರಿಸ್ಮಸ್ಸಿನ ಕರ್ಚಿಕಾಯಿಯ ಮೊದಲ ತಟ್ಟೆ ಅವರ ಮನೆಗೆ ಹೋಗುತ್ತಿತ್ತು, ಎಳ್ಳಮಾವಾಸ್ಯೆಯ ಭಜ್ಜಿ ಪಲ್ಯದ ಮೊದಲ ಪಾತ್ರೆ ನಮ್ಮ ಮನೆಗೆ ಬರುತ್ತಿತ್ತು. ಅಪ್ಪ ನಿವೃತ್ತರಾಗಿ ನಾವು ಬೀದರಿಗೆ ಬಂದ ಮೇಲೂ ಅದು ನಿಲ್ಲಲಿಲ್ಲ.

ಊರ ಹೊರಗೆ ಕಾಕಾ ಅವರ ಹೊಲದಲ್ಲಿ ಒಂದು ದೊಡ್ಡ ಬಾವಿಯಿತ್ತು. ಸುತ್ತ ಕಲ್ಲಿನ ಕಟ್ಟಡ, ಒಂದು ಬದಿಗೆ ನೀರಿನವರೆಗೂ ಇಳಿಯುವ ಮೆಟ್ಟಿಲುಗಳು. ಅವಕ್ಕೆ ನಮ್ಮ ಕಡೆ ಪಾವಟಿಗಿ ಅನ್ನುತ್ತಾರೆ. ಬೇಸಿಗೆ ರಜೆ ಬಂತೆಂದರೆ ಓಣಿಯ ಮಕ್ಕಳೆಲ್ಲ ಅಲ್ಲಿ. ಎಣ್ಣೆಯ ಖಾಲಿ ಕ್ಯಾನನ್ನು ಬೆನ್ನಿಗೆ ಕಟ್ಟಿ ಕಾಕಾ ಒಬ್ಬೊಬ್ಬರನ್ನೇ ನೀರಿಗೆ ಬಿಡುತ್ತಿದ್ದರು. ಹೆಣ್ಣುಮಕ್ಕಳಿಗೂ ಕಲಿಸುತ್ತಿದ್ದರು. ‘ನೀರು ಗಂಡು ಹೆಣ್ಣು ನೋಡಿ ಮುಳುಗಸ್ತದೇನು?’ ಎಂದು ಕೇಳಿ, ಮಾತಾಡುವವರ ಬಾಯಿ ಮುಚ್ಚಿಸುತ್ತಿದ್ದರು.

ಜೀವನ ಮೊದಮೊದಲು ಕ್ಯಾನ್ ಬಿಡಲು ಹೆದರುತ್ತಿದ್ದ.

‘ಏ ಜೀವ್ಯಾ, ಎಮ್ಮಿ ನಿನಕಿಂತ ಚಂದ ಈಸ್ತದಲೇ! ಅದರ ಬೆನ್ನಿಗಿ ಕ್ಯಾನ್ ಯಾರು ಕಟ್ಯಾರ?’

‘ಎಮ್ಮಿಗಿ ನಾಕು ಕಾಲು ಅವರಿ ಕಾಕಾ!’

‘ನಿನಗ ಎರಡು ಕಾಲು, ಎರಡು ಕೈ. ಕೂಡಸಲೇ. ಮಾಸ್ತರ ಮಗ ಇದ್ದಿ, ಇಷ್ಟು ಲೆಕ್ಕ ಬರಲ್ಲೇನು?’

ಎಲ್ಲರೂ ನಗುತ್ತಿದ್ದಾಗ ಮೆಲ್ಲಗೆ ಅವನ ಕ್ಯಾನಿನ ಹಗ್ಗ ಬಿಚ್ಚಿಬಿಟ್ಟಿದ್ದರು. ಅವನು ಈಸುತ್ತಿದ್ದಾನೆಂದು ಅವನಿಗೆ ಗೊತ್ತಾಗುವ ಹೊತ್ತಿಗೆ ಅರ್ಧ ಬಾವಿ ದಾಟಿದ್ದ. ಆ ಬೇಸಿಗೆ ಮುಗಿಯುವಷ್ಟರಲ್ಲಿ ಅವನಷ್ಟು ಚೆನ್ನಾಗಿ ಈಸುವವರು ಆ ಓಣಿಯಲ್ಲಿ ಇರಲಿಲ್ಲ.

ಕಾಕಾ ನಮಗೆ ಹೇಳಿಕೊಟ್ಟದ್ದು ಬಹಳವೇನೂ ಇಲ್ಲ. ಬಾವಿಯಾಗಲಿ, ಮಾಂಜ್ರಾ ಹೊಳೆಯಾಗಲಿ, ನೀರು ಸುಮ್ಮನಿದ್ದ ಕಡೆ ಇಳಿಯಬೇಕು, ಕುದಿಯುವ ಕಡೆ ಕಾಲಿಡಬಾರದು. ದಣಿವಾಯಿತೆಂದರೆ ಅತ್ತಿತ್ತ ನೋಡಬಾರದು. ‘ಸಾಕಾತಂದ್ರ ಸೀದಾ ಪಾವಟಿಗಿ! ಮತ್ತೆಲ್ಲೂ ಹೋಗಬ್ಯಾಡ್ರಿ, ಸೀದಾ ಪಾವಟಿಗಿಗೆ ಬರ್ರಿ!’ ಎಂದು ಬಾವಿಯ ದಂಡೆಯಲ್ಲಿ ನಿಂತು ಕೂಗುತ್ತಿದ್ದರು. ಆ ಬಾವಿಯಲ್ಲಿ ಎಷ್ಟೋ ಮಕ್ಕಳು ಕಲಿತರು. ಒಬ್ಬರಿಗೂ ಏನೂ ಆಗಲಿಲ್ಲ.

ಜೀವನ ಓದಿ ಮಾಸ್ತರನೇ ಆದ. ಔರಾದ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಗೆ ನೇಮಕವಾಗಿ, ಔರಾದಿನಲ್ಲಿ ಕೋಣೆ ಮಾಡಿಕೊಂಡಿದ್ದ. ನೌಕರಿ ಕಾಯಂ ಆದ ವರ್ಷ ಮೇ ತಿಂಗಳಲ್ಲಿ ಭಾಲ್ಕಿಗೆ ಹೋಗಿ ಕಾಕಾ ಅವರ ಮುಂದೆ ಕೂತು, ‘ನೀವು ನನಗ ಬಾವಿ ತೋರಿಸಿದ್ರಿ ಕಾಕಾ. ನಾ ನಿಮಗ ಸಮುದ್ರ ತೋರಿಸ್ತೇನಿ’ ಅಂದನಂತೆ.

‘ಅದನ್ನ ನೋಡಿ ನಾ ಏನು ಮಾಡಲೋ? ಆ ನೀರು ಕುಡೀಲಕ್ಕೂ ಬರಂಗಿಲ್ಲ, ಹೊಲಕ್ಕ ಬಿಡ್ಲಕ್ಕೂ ಬರಂಗಿಲ್ಲ.’

‘ಈಸ್ಲಕ್ಕ ಬರ್ತದರಿ.’

ಕಾಕಾ ನಕ್ಕು ಒಪ್ಪಿಕೊಂಡರು. ಒಂದು ಕ್ರೂಸರ್ ಗಾಡಿ ಮಾಡಿದೆವು. ಕಾಕಾ, ಕಾಕಿ, ಆಗಷ್ಟೇ ಡಿಗ್ರಿ ಪರೀಕ್ಷೆ ಮುಗಿಸಿದ್ದ ಅವರ ಮಗಳು ಅಂಬಿಕಾ, ಜೀವನ ಮತ್ತು ನಾನು. ಅಪ್ಪನಿಗೆ ಮೊಣಕಾಲು ನೋವಿದ್ದುದರಿಂದ ಅಪ್ಪ, ಅವ್ವ ಬರಲಿಲ್ಲ. ದಾರಿಯುದ್ದಕ್ಕೂ ಕಾಕಿ ಜೋಳದ ಕಟಕ ರೊಟ್ಟಿ, ಶೇಂಗಾ ಹಿಂಡಿ ತೆಗೆದು ತೆಗೆದು ಕೊಡುತ್ತಿದ್ದರು. ‘ಕಾಕಿ, ಸಮುದ್ರಕ್ಕ ಹೊಂಟೀವೋ, ರಾಶಿ ಮಾಡ್ಲಕ್ಕ ಹೊಂಟೀವೋ?’ ಎಂದು ಜೀವನ ಛೇಡಿಸಿದ. ಅಂಬಿಕಾ ನಗುವಾಗ ರೊಟ್ಟಿ ಗಂಟಲಿಗೆ ಸಿಕ್ಕಿ ಕೆಮ್ಮಿದಳು. ಆ ದಾರಿಯಲ್ಲಿ ನಾವು ಬಹಳ ನಕ್ಕೆವು.

ನಾವು ಹೋದ ಬೀಚಿನಲ್ಲಿ ದೊಡ್ಡ ಗುಂಪಿತ್ತು. ಅಲ್ಲಿ ಬಾವುಟ ನೆಟ್ಟಿದ್ದರು, ಸೀಟಿ ಹಿಡಿದ ಲೈಫ್‌ಗಾರ್ಡ್‌ಗಳಿದ್ದರು. ಆದರೆ ಒದ್ದೆ ಸೀರೆಯಲ್ಲಿ ಅಷ್ಟು ಜನರ ಕಣ್ಣಿಗೆ ಬೀಳಲು ಕಾಕಿಗೆ ನಾಚಿಕೆ. ಅಂಬಿಕಾಳಿಗೂ ಅಷ್ಟೇ, ನನಗೂ ಅಷ್ಟೇ. ಜನ ಇಲ್ಲದ ಕಡೆ ಹೋಗೋಣವೆಂದು ಮರಳಿನಲ್ಲಿ ನಡೆಯುತ್ತ ದೂರ ಬಂದೆವು.

ಕಾಕಾ ಅವಸರ ಮಾಡಲಿಲ್ಲ. ಇದನ್ನು ನಾನು ಒತ್ತಿ ಹೇಳಬೇಕು. ಸಂತೆಯಲ್ಲಿ ಎತ್ತು ಕೊಳ್ಳುವವರು ನಿಲ್ಲುವ ಹಾಗೆ ಕೈಕಟ್ಟಿ ನಿಂತು ಬಹಳ ಹೊತ್ತು ನೀರನ್ನೇ ನೋಡಿದರು. ಎಡಕ್ಕೆ ತೆರೆಗಳು ಎದ್ದು ಬಿಳಿಯಾಗಿ ಒಡೆಯುತ್ತಿದ್ದವು. ಬಲಕ್ಕೂ ಹಾಗೇ. ನಡುವೆ ಒಂದು ಪಟ್ಟಿಯಷ್ಟು ಅಗಲಕ್ಕೆ ತೆರೆ ಒಡೆಯುತ್ತಿರಲಿಲ್ಲ. ಅಲ್ಲಿ ನೀರು ಸ್ವಲ್ಪ ಕಪ್ಪಗೆ, ಸಪಾಟಾಗಿತ್ತು.

‘ಆ ಕಡಿ ನೋಡ್ರಿ, ಕುದಿಲಾಕತ್ತದ. ಈ ಕಡಿನೂ ಕುದಿಲಾಕತ್ತದ. ನಡುವಿಂದು ನೋಡ್ರಿ, ಎಷ್ಟು ಸುಮ್ನ ಅದ. ಇಳಿಯೋದಿದ್ರ ಇಲ್ಲೇ ಇಳೀರಿ,’ ಅಂದರು.

‘ಕಾಕಾ ಸಮುದ್ರದಾಗೂ ಬಾವಿ ಹುಡುಕ್ಯಾರ ನೋಡ್ರಿ,’ ಅಂದ ಜೀವನ.

ಅಂಬಿಕಾ ಮೊದಲು ಇಳಿದಳು. ಮೊಣಕಾಲು, ಆಮೇಲೆ ಸೊಂಟ. ನಾನು ಪಾದ ಒದ್ದೆಯಾಗುವಷ್ಟೇ ನೀರಿನಲ್ಲಿದ್ದೆ. ಜೀವನ ದಡದಲ್ಲಿ ಅಂಗಿ ಬಿಚ್ಚುತ್ತಿದ್ದ. ಅಂಬಿಕಾ ನಮ್ಮ ಕಡೆ ತಿರುಗಿ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಅವಳ ಕಾಲ ಕೆಳಗಿನ ನೆಲ ತಪ್ಪಿತು. ಅವಳು ಮುಳುಗಲಿಲ್ಲ. ಮುಖ ನಮ್ಮ ಕಡೆಗೇ ಇತ್ತು, ಆದರೆ ಹಿಂದಕ್ಕೆ ಹೋಗುತ್ತಿದ್ದಳು, ಯಾರೋ ಚಾಪೆಯ ಮೇಲೆ ಕೂರಿಸಿ ಎಳೆದ ಹಾಗೆ. ಸದ್ದೇ ಇರಲಿಲ್ಲ.

ಜೀವನ ಹಾರಿದ. ಕಾಕಾ ಅವನ ಹಿಂದೆಯೇ ಹೋದರು. ಕಾಕಿ ಚೀರುತ್ತ ಗುಂಪಿನ ಕಡೆಗೆ ಓಡಿದರು. ನಾನು ಅಲ್ಲೇ ನಿಂತಿದ್ದೆ. ಅಲುಗಲು ಆಗಲಿಲ್ಲ. ಅದಕ್ಕೇ ಎಲ್ಲವನ್ನೂ ನೋಡಿದೆ.

ಕಾಕಾ ವಯಸ್ಸಾದವರು, ನೇರ ಹೋಗಲಾಗದೆ ಎಡಕ್ಕೆ ವಾಲಿದರು. ಅವರು ಬೇಡವೆಂದಿದ್ದ ಆ ಬಿಳಿ ತೆರೆಗಳ ಬಾಯಿಗೆ ಬಿದ್ದರು. ತೆರೆಗಳು ಅವರನ್ನು ಎರಡು ಮೂರು ಸಲ ಉರುಳಿಸಿ ಮರಳಿಗೆ ತಂದು ಎಸೆದವು. ಅಂಬಿಕಾಳಿಗೆ ಕೈಕಾಲು ಸೋತಿದ್ದವು. ಅವಳು ಅಂಗಾತ ಬಿದ್ದು ಮುಖ ಮೇಲೆ ಮಾಡಿ ತೇಲುತ್ತ ದೂರ ಹೋದಳು. ಜೀವನ ಅವಳನ್ನು ಮುಟ್ಟಲಾಗದೆ, ದಣಿದು, ದಡಕ್ಕೆ ತಿರುಗಿದ. ಅವನ ಮುಖ ನನ್ನ ಎದುರಿಗೇ ಇತ್ತು. ಅವನು ಗಾಬರಿಯಾಗಿರಲಿಲ್ಲ. ಕೈಗಳು ಒಂದರ ಹಿಂದೆ ಒಂದು ಸರಿಯಾಗಿ ಏಳುತ್ತಿದ್ದವು, ಬಾವಿಯಲ್ಲಿ ಏಳುತ್ತಿದ್ದ ಹಾಗೇ. ಸೀದಾ ನನ್ನ ಕಡೆಗೆ ಈಸುತ್ತಿದ್ದ. ಆದರೆ ಹತ್ತಿರ ಬರುತ್ತಿರಲಿಲ್ಲ. ಎಷ್ಟು ಈಸಿದರೂ ಇದ್ದಲ್ಲೇ ಇದ್ದ. ಆಮೇಲೆ ಕೈಗಳು ನಿಧಾನವಾದವು.

ಲೈಫ್‌ಗಾರ್ಡ್‌ಗಳು ಓಡಿ ಬಂದು ಅಂಬಿಕಾಳನ್ನು ತಂದರು. ಜೀವನನನ್ನು ಸಂಜೆ, ದೂರದಲ್ಲಿ, ಮೀನುಗಾರರು ತಂದರು.

ಬೀದರಿನಲ್ಲಿ ಅವನನ್ನು ಮಣ್ಣು ಮಾಡಿದೆವು. ಪಾದ್ರಿಗಳು ಪ್ರಾರ್ಥನೆ ಮಾಡುವಾಗ ಕಾಕಾ ಸ್ಮಶಾನದ ಗೋಡೆಯ ಹೊರಗೆ ನಿಂತಿದ್ದರು. ಅವ್ವ ಕರೆದರೂ ಒಳಗೆ ಬರಲಿಲ್ಲ.

ಆ ವರ್ಷ ಮಳೆ ಹೊತ್ತಿಗೆ ಸರಿಯಾಗಿ ಬಂತು. ಜೀವನನ ಕೋಣೆ ಖಾಲಿ ಮಾಡಲು ನಾನು ಔರಾದಿಗೆ ಹೋದ ದಿನ ಜನವಾಡ ದಾಟಿದ ಮೇಲೆ ರಸ್ತೆಯ ಎರಡೂ ಬದಿ ಜನ ಸೋಯಾ ಬಿತ್ತುತ್ತಿದ್ದರು, ಮಾಂಜ್ರಾ ಕೆಂಪಗೆ ತುಂಬಿ ಹರಿಯುತ್ತಿತ್ತು. ಬಸ್ಸಿನಲ್ಲಿ ಎಲ್ಲರೂ ಕಿಟಕಿಯ ಹತ್ತಿರ ಬಗ್ಗಿ ಹೊಳೆ ನೋಡಿದರು. ನಾನು ನೋಡಲಿಲ್ಲ. ಕೋಣೆಯಲ್ಲಿ ಅವನ ಒಗೆದ ಬಟ್ಟೆ ಹಗ್ಗದ ಮೇಲೇ ಇದ್ದವು, ಧೂಳು ಹಿಡಿದು. ಅವನ ಶಾಲೆಯ ಹೆಡ್ ಮೇಡಂ ಬಂದು ನನ್ನ ಕೈ ಹಿಡಿದುಕೊಂಡು, ‘ನಾ ಹೋಗಿ ನೋಡಿ ಬರ್ತೇನಿ, ಆಮ್ಯಾಲ ನಿಮ್ಮೆಲ್ಲರಿಗೂ ಸಮುದ್ರ ತೋರಿಸ್ತೇನಿ ಅಂತ ಜೀವನ ಸರ್ ಮಕ್ಕಳಿಗಿ ಮಾತು ಕೊಟ್ಟಿದ್ರರಿ’ ಅಂದರು. ನಾನು ಬಟ್ಟೆ ಮಡಿಚಿದೆ.

ಮನೆಯಲ್ಲಿ ಅಪ್ಪ ನನ್ನನ್ನು ಮತ್ತೆ ಮತ್ತೆ ಕೇಳುತ್ತಿದ್ದರು. ಮೊದಲು ಯಾರು ಇಳಿದರು, ಆಮೇಲೆ ಯಾರು, ಎಷ್ಟು ದೂರ. ನಾನು ಪ್ರತಿ ಸಲವೂ ಅದೇ ಮಾತಿನಲ್ಲಿ ಹೇಳುತ್ತಿದ್ದೆ. ಒಂದು ಸಂಜೆ, ‘ಅಲ್ಲಿ ಇಳೀರಿ ಅಂದವರು ಯಾರವ್ವ?’ ಎಂದು ಕೇಳಿದರು.

‘ಕಾಕಾ.’

ಅದು ನಿಜವೇ. ಆದರೆ ಕೈಕಟ್ಟಿಕೊಂಡು ಎಷ್ಟು ಹೊತ್ತು ನೀರು ನೋಡಿದರು, ನಮ್ಮ ಮೇಲೆ ಎಷ್ಟು ಅಕ್ಕರೆಯಿಂದ ಆ ಜಾಗ ಆರಿಸಿದರು ಎಂಬುದೆಲ್ಲ ಆ ಒಂದು ಮಾತಿನಲ್ಲಿ ಬರಲಿಲ್ಲ. ‘ಅವನ ಮಗಳು ಉಳಿದಳು,’ ಅಂದರು ಅಪ್ಪ. ಅಂದ ಕೂಡಲೇ ತಮ್ಮ ಮಾತಿಗೆ ತಾವೇ ಬೆಚ್ಚಿ ಒಳಗೆ ಎದ್ದು ಹೋದರು.

ಕಾಕಾ ಪ್ರತಿ ಭಾನುವಾರ ಭಾಲ್ಕಿಯಿಂದ ಬರುತ್ತಿದ್ದರು. ನಾವು ಚರ್ಚಿನಿಂದ ಬರುವಷ್ಟರಲ್ಲಿ ಮನೆಯ ಕಟ್ಟೆಯ ಮೇಲೆ ಕೂತಿರುತ್ತಿದ್ದರು. ಮಳೆಯಿದ್ದರೆ ಛತ್ರಿ ಬಿಚ್ಚಿ ಅದರ ಕೆಳಗೆ ಕೂರುತ್ತಿದ್ದರೇ ಹೊರತು ಒಳಗೆ ಬರುತ್ತಿರಲಿಲ್ಲ. ಅಪ್ಪ ಅವರನ್ನು ಕಂಡ ಕೂಡಲೇ ಮನೆಯ ಹಿಂದಿನಿಂದ ಸುತ್ತು ಹಾಕಿ ಹಿತ್ತಿಲ ಬಾಗಿಲಿನಿಂದ ಒಳಗೆ ಹೋಗುತ್ತಿದ್ದರು. ಅವ್ವ ಚಹಾ ಕೊಡುತ್ತಿದ್ದಳು.

‘ಅಕ್ಕಾ, ಮಾಸ್ತರಿಗಿ ಹೇಳ್ರಿ. ಒಂದು ಸಲ ಹೊರಗ ಬರ್ರಿ ಅನ್ರಿ. ಬೈಲಕ್ಕಾದ್ರೂ ಬರಲಿ.’

‘ಬೈಲಕ್ಕ ಬಂದ್ರ ಅತ್ತುಬಿಡ್ತಾರ ಅಣ್ಣಾ. ಅದಕ್ಕೇ ಬರವಲ್ರು.’

ಕಾಕಾ ತಲೆ ಅಲ್ಲಾಡಿಸಿ ಚಹಾ ಕುಡಿಯುತ್ತಿದ್ದರು. ಹೋಗುವ ಮುಂಚೆ ಪ್ರತಿ ಸಲವೂ ಒಂದೇ ಮಾತು. ‘ಹುಡುಗ ಗಾಬರಿ ಆದ ನೋಡ್ರಿ. ದಿಕ್ಕು ತಪ್ಪಿದ. ನಾ ಕಲಿಸಿದ್ದು ಅವನ ನೆನಪಿನಾಗ ಬರಲಿಲ್ಲ. ಇಲ್ಲಂದ್ರ ನನ್ನ ಜೀವ್ಯಾ ನೀರಾಗ ಮುಳುಗಂವ ಅಲ್ಲ.’ ಆ ಮಾತು ಅವರಿಗೆ ಊರುಗೋಲಾಗಿತ್ತು. ಹಾಗಲ್ಲವೆಂದು ನನಗೆ ಗೊತ್ತಿತ್ತು. ಅವನು ಸೀದಾ ನನ್ನ ಕಡೆಗೇ ಈಸುತ್ತಿದ್ದ. ಕಾಕಾ ನನ್ನನ್ನು ಎಂದೂ ಕೇಳಲಿಲ್ಲ, ನಾನು ಹೇಳಲಿಲ್ಲ. ಅಷ್ಟು ಈಸಿದವನು ಯಾಕೆ ಮುಂದೆ ಬರಲಿಲ್ಲ ಎಂಬುದು ಆಗ ನನಗೂ ತಿಳಿದಿರಲಿಲ್ಲ.

ಶ್ರಾವಣದ ಹೊತ್ತಿಗೆ ನಮ್ಮ ಆಸ್ಪತ್ರೆಗೆ ಕುಮಟೆಯ ಕಡೆಯ ಸವಿತಾ ಎಂಬ ನರ್ಸ್ ಬಂದಳು. ಸಮುದ್ರದ ದಂಡೆಯಲ್ಲೇ ಬೆಳೆದವಳು. ಒಂದು ಮಧ್ಯಾಹ್ನ ಇಬ್ಬರೂ ಊಟಕ್ಕೆ ಕೂತಾಗ ಕೇಳಿದೆ: ಚೆನ್ನಾಗಿ ಈಸು ಬರುವ ಮನುಷ್ಯ, ದಡದ ಕಡೆಗೇ ಈಸುತ್ತಿದ್ದರೂ, ಇದ್ದಲ್ಲೇ ಇರುತ್ತಾನೆಯೇ?

‘ಸೆಳೆತದಲ್ಲಿ ಸಿಕ್ಕಿದ್ರೆ ಹಾಗೇ,’ ಅಂದಳು ಅವಳು, ಚಪಾತಿ ಮುರಿಯುತ್ತ. ‘ತೆರೆ ಅಷ್ಟು ನೀರನ್ನು ದಡಕ್ಕೆ ತರ್ತದಲ್ಲ, ಅದು ಎಲ್ಲಾದ್ರೂ ವಾಪಸ್ ಹೋಗ್ಬೇಕಲ್ಲ ಮಾರಾಯ್ತಿ? ಮರಳು ತಗ್ಗಿದ್ದ ಕಡೆ ಕೂಡಿಕೊಂಡು ಹೊಳೆ ಹಾಗೆ ಒಳಗೆ ಹೋಗ್ತದೆ. ಅಲ್ಲಿ ಆಳ, ಅದಕ್ಕೆ ತೆರೆ ಒಡೆಯೂದಿಲ್ಲ. ಗೊತ್ತಿಲ್ಲದವ್ರಿಗೆ ಅದೇ ಒಳ್ಳೆ ಜಾಗ ಅಂತ ಕಾಣೂದು. ಕೆರೆ ಇದ್ದ ಹಾಗೆ ಇರ್ತದೆ ನೋಡೂಕೆ.’

ನನ್ನ ಕೈಯಲ್ಲಿದ್ದ ತುತ್ತು ತಟ್ಟೆಗೆ ಇಳಿಯಿತು. ‘ಸಿಕ್ಕವರು ಏನು ಮಾಡಬೇಕು?’

‘ದಡದ ಕಡೆ ಈಜೂಕೆ ಹೋಗ್ಲೇಬಾರ್ದು. ಎಂಥ ಗಟ್ಟಿಗನೂ ಸೋಲ್ತಾನೆ. ದಡದ ಗುಂಟ ಬದಿಗೆ ಈಜ್ಬೇಕು, ತೆರೆ ಒಡೆಯೂ ಕಡೆಗೆ. ಆಗೂದಿಲ್ಲ ಅಂದ್ರೆ ಅಂಗಾತ ಬಿದ್ದು ತೇಲ್ತಾ ಕೂಗೂದು. ಅದು ಒಂದಿಷ್ಟು ದೂರ ಒಯ್ದು ತಾನೇ ಬಿಡ್ತದೆ. ಯಾಕೆ, ಏನಾಯ್ತು?’

ಹೇಳಿದೆ. ಅವಳು ಎಡಗೈಯಿಂದ ನನ್ನ ಮೊಣಕೈ ಹಿಡಿದುಕೊಂಡಳು. ಇಬ್ಬರೂ ಊಟ ಮುಗಿಸಲಿಲ್ಲ.

ಆ ದಿನದಿಂದ ನನ್ನ ಹತ್ತಿರ ಒಂದು ಮಾತು ಉಳಿಯಿತು, ಯಾರಿಗೆ ಕೊಡಬೇಕೋ ತಿಳಿಯದ ಮಾತು. ಅಪ್ಪನಿಗೆ ಹೇಳಿದರೆ, ಆ ಇಡೀ ದಂಡೆಯಲ್ಲಿ ಇಳಿಯಬಾರದ ಜಾಗ ಯಾವುದೋ ಅದನ್ನೇ ಕಾಕಾ ಹುಡುಕಿ ತೋರಿಸಿದರೆಂದು ಹೇಳಿದ ಹಾಗೆ. ನಮ್ಮ ಕಡೆಯ ಯಾರಿದ್ದರೂ ಅದನ್ನೇ ಆರಿಸುತ್ತಿದ್ದರೆಂದು ಹೇಳಿದ ಹಾಗೂ ಹೌದು. ಅಪ್ಪ ಯಾವುದನ್ನು ಕೇಳಿಸಿಕೊಳ್ಳುತ್ತಾರೆ? ಇನ್ನು ಕಾಕಾ ಅವರಿಗೆ ಹೇಳಿದರೆ ಅವರ ಊರುಗೋಲನ್ನೇ ಕಿತ್ತುಕೊಂಡ ಹಾಗೆ. ಉದ್ದು, ಹೆಸರು ಕೊಯ್ಲಿಗೆ ಬಂದವು. ಭಾನುವಾರಗಳು ಬಂದು ಹೋದವು. ಕಾಕಾ ಬರುವುದು ಕಡಿಮೆಯಾಯಿತು. ನಾನು ಸುಮ್ಮನಿದ್ದೆ.

ಸೋಯಾ ರಾಶಿಯ ಕಾಲಕ್ಕೆ ಕಾಕಾ ಅವರಿಗೆ ಜ್ವರವೆಂದು ಕೇಳಿ ಅವ್ವ ನನ್ನ ಕೈಯಲ್ಲಿ ಮಾತ್ರೆ ಕಳಿಸಿದಳು. ನಾನು ಭಾಲ್ಕಿಗೆ ಹೋದಾಗ ಕಾಕಾ ಅಂಗಳದ ಹೊರಸಿನ ಮೇಲೆ ಶಾಲು ಹೊದ್ದು ಕೂತಿದ್ದರು. ಇಳಿದುಹೋಗಿದ್ದರು. ಎದುರಿಗೆ ಓಣಿಯ ನಾಲ್ಕೈದು ಹುಡುಗರು ಕೂತಿದ್ದರು. ಎಲ್ಲರೂ ಅವರ ಬಾವಿಯಲ್ಲಿ ಈಸು ಕಲಿತವರು. ರಾಶಿ ಮುಗಿಸಿ ಗೋವಾಕ್ಕೆ ಹೊರಟಿದ್ದರು.

‘ಹೋಗಬ್ಯಾಡ್ರಿ ಅಂದ್ರ ಕೇಳಂಗಿಲ್ಲ ನೀವು,’ ಅನ್ನುತ್ತಿದ್ದರು ಕಾಕಾ.

‘ದಂಡಿಮ್ಯಾಲೇ ಇರ್ತೇವರಿ ಕಾಕಾ,’ ಅಂದ ನಾಗೇಶ ಎಂಬುವನು.

‘ಸುಳ್ಳ ಯಾಕ ಬೊಗಳ್ತಿ? ನೀರು ಕಂಡ್ರ ನಿಲ್ಲು ಮಂದಿ ಏನು ನೀವು? ನಾನೇ ಕಲಿಸೀನಿ, ನನಗ ಗೊತ್ತಿಲ್ಲೇನು?’ ಹುಡುಗರು ನಕ್ಕರು. ಕಾಕಾ ನಗಲಿಲ್ಲ. ‘ನನ್ನ ಮಾತು ಕೇಳ್ರಿ. ತೆರಿ ಕುದಿಯೋ ಕಡಿ ಸುಳೀಬ್ಯಾಡ್ರಿ. ಸುಮ್ನ ಇದ್ದ ನೀರು ನೋಡಿ ಇಳೀರಿ. ಅಂಥಾ ಸುಮ್ನ ಇದ್ದ ನೀರಾಗೇ ನಮ್ಮ ಹುಡುಗ ಗಾಬರಿ ಆಗಿ ಹೋದ. ಕುದಿಯೋ ನೀರಾಗ ನಿಮ್ಮ ಗತಿ ಏನಾಗ್ತದ? ದಣಿದ್ರಂದ್ರ ಗಾಬರಿ ಆಗಬ್ಯಾಡ್ರಿ. ಸೀದಾ ದಂಡಿಗಿ ಬರ್ರಿ. ಸೀದಾ.’

ಜೀವನನ ಸಾವು ಅವರ ಪಾಠವನ್ನು ಅಲುಗಿಸಿರಲಿಲ್ಲ, ಇನ್ನಷ್ಟು ಗಟ್ಟಿ ಮಾಡಿತ್ತು. ಹುಡುಗರು ಶಾಲೆಯ ಮಕ್ಕಳ ಹಾಗೆ ತಲೆಯಾಡಿಸುತ್ತಿದ್ದರು. ಅವರು ಕಾಕಾ ಹೇಳಿದಂತೆಯೇ ಮಾಡುತ್ತಾರೆಂದು ನನಗೆ ಗೊತ್ತಿತ್ತು. ಆ ಹುಡುಗರ ಮುಂದೆ, ಜ್ವರದಲ್ಲಿ ಕೂತ ಅವರಿಗೆ ಹೇಳಲು ಧೈರ್ಯ ಬರಲಿಲ್ಲ. ಯಾವತ್ತು ಹೊರಡುತ್ತೀರೆಂದು ನಾಗೇಶನನ್ನು ಕೇಳಿದೆ. ‘ನಾಡದ್ದು ಅಕ್ಕಾ. ಗಾಡಿ ಹೇಳೀವಿ,’ ಅಂದ. ಮಾತ್ರೆ ಕೊಟ್ಟು ಅದೇ ಬಸ್ಸಿಗೆ ವಾಪಸಾದೆ.

ಅಡುಗೆಮನೆಯಲ್ಲಿ ಅಪ್ಪ, ಅವ್ವ ಇಬ್ಬರ ಮುಂದೆ ಹೇಳಿದೆ. ಕಾಕಾ ಕೈಕಟ್ಟಿ ನಿಂತದ್ದರಿಂದ ಶುರು ಮಾಡಿ ಸವಿತಾ ಹೇಳಿದ್ದು, ಹುಡುಗರಿಗೆ ಕಾಕಾ ಹೇಳಿದ್ದು, ಎಲ್ಲ. ಅಪ್ಪ ಪರೀಕ್ಷೆಯಲ್ಲಿ ಕೇಳುವ ಹಾಗೆ ಕೇಳಿದರು.

‘ನೀರಿನ ಬಣ್ಣ?’

‘ಬಾಜೂದಕ್ಕಿಂತ ಜರಾ ಕಪ್ಪರಿ.’

‘ನೊರಿ ಯಾ ಕಡಿ ಹೋಗ್ತಿತ್ತು?’

ಆ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಕಣ್ಣು ಮುಚ್ಚಿ ನೋಡಿದೆ. ‘ಒಳಗ. ಸಮುದ್ರದ ಕಡಿ.’

ಅಪ್ಪ ಗೋಡೆಗೆ ಒರಗಿದರು. ‘ಭರತ, ಇಳಿತ ಎಷ್ಟು ವರ್ಷ ಕಲಿಸೀನಿ. ಬೋರ್ಡಿನ ಮ್ಯಾಲ ಭೂಮಿ ತೆಗದೆ, ಚಂದ್ರ ತೆಗದೆ, ಬಾಣ ತೆಗದೆ. ಸಮುದ್ರ ನೋಡಿದಾಂವ ಅಲ್ಲ ನಾನು. ಅಲ್ಲಿ ನಾ ಇದ್ದಿದ್ರ ಬಸವಂತನಕಿಂತ ಮೊದಲು ನಾನೇ ಹೇಳ್ತಿದ್ದೆ, ಇಲ್ಲಿ ಇಳೀರಿ ಅಂತ.’

‘ಅಣ್ಣಗ ಹೇಳಬ್ಯಾಡ್ರಿ,’ ಅಂದಳು ಅವ್ವ. ‘ಹುಡುಗ ಗಾಬರಿ ಆದ ಅಂತ ಅಂದುಕೊಂಡು ದಿನ ತೆಗೀಲಾಕತ್ತಾರ. ಇದು ಗೊತ್ತಾದ್ರ ಅವರು ಉಳಿಯಂಗಿಲ್ಲ. ಹುಡುಗ್ರಿಗಷ್ಟೇ ಹೇಳ್ರಿ.’

‘ಹುಡುಗ್ರು ನಮ್ಮ ಮಾತು ಕೇಳ್ತಾರೋ, ಕಲಿಸಿದವನ ಮಾತು ಕೇಳ್ತಾರೋ?’ ಅಂದರು ಅಪ್ಪ. ‘ಈ ಹುಡುಗ್ರು ಆದ್ರು. ಮುಂದಿನ ಬ್ಯಾಸಗಿಯವ್ರು?’

ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು.

ಮರುದಿನ ಅಪ್ಪ ಬೂಟು ಹಾಕಿಕೊಂಡು ಬಾಗಿಲಲ್ಲಿ ನಿಂತು, ‘ನಡಿ ರೂತ್,’ ಅಂದರು. ಬಸ್ಸಿನ ದಾರಿಯುದ್ದಕ್ಕೂ ಹೊ‌ಲಗಳಲ್ಲಿ ರಾಶಿ ಯಂತ್ರಗಳು ಹೊಗೆಯ ಹಾಗೆ ಹೊಟ್ಟು ಹಾರಿಸುತ್ತಿದ್ದವು.

ಕಾಕಾ ಅಂಗಳದಲ್ಲೇ ಇದ್ದರು. ಅಪ್ಪನನ್ನು ಕಂಡು ಏಳಲು ಹೋಗಿ ಶಾಲು ಕಾಲಿಗೆ ತೊಡರಿ ಮತ್ತೆ ಕೂತರು. ‘ಬಂದ್ರೀ ಮಾಸ್ತರ್? ಬೈಲಕ್ಕ ಬಂದ್ರೀ? ಬೈರಿ, ಬೈರಿ,’ ಅಂದರು. ಮುಖದಲ್ಲಿ ಒಂದು ಬಗೆಯ ಖುಷಿಯಿತ್ತು. ಅದನ್ನು ನೋಡುವುದು ಕಷ್ಟವಾಯಿತು. ಅಪ್ಪ ಹೊರಸಿನ ಮೇಲೆ ಅವರ ಪಕ್ಕದಲ್ಲೇ ಕೂತರು.

‘ಬೈಲಕ್ಕ ಬಂದಿಲ್ಲ ಬಸವಂತ. ನಿನಗೂ ಗೊತ್ತಿಲ್ಲದ್ದು, ನನಗೂ ಗೊತ್ತಿಲ್ಲದ್ದು ಒಂದು ಮಾತು ಅದ. ಹೇಳಿ ಹೋಗ್ತೇನಿ.’

ನಿಧಾನವಾಗಿ ಹೇಳಿದರು, ಕಡೆಯ ಬೆಂಚಿನ ಹುಡುಗನಿಗೂ ತಿಳಿಯಬೇಕೆನ್ನುವವರ ಹಾಗೆ. ತೆರೆ ತಂದ ನೀರು ಎಲ್ಲಿಂದ ವಾಪಸ್ ಹೋಗುತ್ತದೆ, ಅಲ್ಲಿ ಯಾಕೆ ತೆರೆ ಒಡೆಯುವುದಿಲ್ಲ, ಯಾಕೆ ಅದು ಸುಮ್ಮನಿದ್ದ ಹಾಗೆ ಕಾಣುತ್ತದೆ. ಅಂಬಿಕಾ ಕಂಬ ಹಿಡಿದು ನಿಂತು ಕೇಳಿದಳು. ಕಾಕಾ ಬೆಳೆಯ ರೋಗದ ಬಗ್ಗೆ ಕೇಳುವ ಹಾಗೆ ಕೇಳಿಸಿಕೊಂಡರು. ಮುಗಿದ ಮೇಲೆ ಕೇಳಿದ್ದು ಒಂದೇ.

‘ಅದರಾಗ ಸಿಕ್ಕಾಂವ ಸೀದಾ ದಂಡಿಗಿ ಈಸಿದ್ರ?’

‘ದಂಡಿ ಸಿಗಂಗಿಲ್ಲ,’ ಅಂದರು ಅಪ್ಪ.

ಕಾಕಾ ಆಗ ನನ್ನ ಕಡೆ ತಿರುಗಿದರು. ಅಷ್ಟು ತಿಂಗಳಲ್ಲಿ ಮೊದಲ ಸಲ ಕೇಳಿದರು. ‘ರೂತವ್ವಾ, ನೀ ನೋಡೀದಿ. ಅಂವ ಯಾ ಕಡಿ ಈಸ್ತಿದ್ದ?’

‘ಸೀದಾ ನನ್ನ ಕಡಿ ಕಾಕಾ.’

‘ಗಾಬರಿ ಆಗಿದ್ದೇನು?’

‘ಇಲ್ಲರಿ.’

‘ಹಂಗಾರ ನಾ ಹೇಳಿದ್ದೇ ಮಾಡ್ಯಾನ,’ ಅಂದರು ಕಾಕಾ. ಧ್ವನಿ ಏರಲಿಲ್ಲ. ಅಪ್ಪ ಅವರ ಮೊಣಕಾಲಿನ ಮೇಲೆ ಕೈಯಿಟ್ಟು, ‘ನಾ ಇದ್ದಿದ್ರೂ ಅದನ್ನೇ ಹೇಳ್ತಿದ್ದೆ ಬಸವಂತ. ಅದನ್ನೇ,’ ಅಂದರು. ಆ ಮಾತು ಜೂನ್ ತಿಂಗಳಲ್ಲಿ ಬಂದಿದ್ದರೆ ಅವರನ್ನು ಹಿಡಿದು ನಿಲ್ಲಿಸುತ್ತಿತ್ತೇನೋ. ಈಗ ಕಾಕಾ ಅದನ್ನು ಕೇಳಿಸಿಕೊಂಡರೋ ಇಲ್ಲವೋ ನಾನು ಹೇಳಲಾರೆ.

ಅಂಬಿಕಾ ಅಳುತ್ತಿದ್ದಳು. ಕಾಕಾ ಅವಳ ಕಡೆ ಕೈ ಚಾಚಿದರು. ‘ಅಳಬ್ಯಾಡ. ನಾಗ್ಯಾಗ ಫೋನ್ ಹಚ್ಚು. ಜಲ್ದಿ ಹಚ್ಚು.’

‘ನಾ ಮಾತಾಡ್ತೇನಿ, ಕೊಡು,’ ಎಂದು ಅಪ್ಪ ಕೈ ನೀಡಿದರು. ಕಾಕಾ ಕೊಡಲಿಲ್ಲ. ಫೋನನ್ನು ಎರಡೂ ಕೈಯಲ್ಲಿ ಹಿಡಿದು ಕಿವಿಗೆ ಒತ್ತಿಕೊಂಡರು. ಆ ಕಡೆಯಿಂದ, ನಾಳೆಯ ಪ್ರಯಾಣಕ್ಕೆ ತಯಾರಾಗುತ್ತಿದ್ದ ಹುಡುಗರ ಗದ್ದಲ, ಹಾಡು, ನಗು ನಮಗೂ ಕೇಳಿಸುತ್ತಿತ್ತು.

‘ನಾಗ್ಯಾ, ನಿನ್ನಿ ಹೇಳಿದ್ದು ಬಿಟ್ಟುಬಿಡ್ರಿ. ತಪ್ಪದ ಅದು. ತೆರಿ ಒಡೀಲಾರದ ಜಾಗಾಕ್ಕ ಕಾಲು ಇಡಬ್ಯಾಡ್ರಿ. ಸುಮ್ನ ಇದ್ದ ನೀರೇ ಎಳಕೊಂಡು ಹೋಗ್ತದಂತ. ಸಿಕ್ಕಿದ್ರ ದಂಡಿಗಿ ಈಸಬ್ಯಾಡ್ರಿ. ಬಾಜೂಕ ಈಸ್ರಿ, ಇಲ್ಲಂದ್ರ ಅಂಗಾತ ಬೀಳ್ರಿ. ಎಲ್ಲರಿಗೂ ಹೇಳು. ಒಬ್ಬೊಬ್ಬರಿಗೂ ಹೇಳು.’

ಆ ಕಡೆ ಗದ್ದಲ ನಿಂತಿತು. ನಾಗೇಶನ ಧ್ವನಿ ಸ್ಪಷ್ಟವಾಗಿ ಕೇಳಿಸಿತು. ‘ಹಂಗ ಯಾರು ಅಂದ್ರು ಕಾಕಾ? ನಾವು ಸಣ್ಣವರಿದ್ದಾಗಿಂದ ನೀವೇ ಸೀದಾ ಬರ್ರಿ ಅಂತ ಕಲಿಸೀರಿ.’

ಕಾಕಾ ಅಪ್ಪನ ಮುಖ ನೋಡಿದರು, ಆಮೇಲೆ ನನ್ನದು.

‘ಜೀವ್ಯಾ ಹಂಗೇ ಬಂದನಪ್ಪ,’ ಅಂದರು. ‘ಸೀದಾ ಬಂದ.’